ಗರಡಿ ಮತ್ತು ದಂಡು: ಹದಿಹರೆಯದವರ ಎನ್.ಸಿ.ಸಿ. ಶಿಕ್ಷಣ

ಕನ್ನಡ ನುಡಿಯಲ್ಲಿ 'ಗರಡಿ' ಮತ್ತು 'ದಂಡು' ಎಂಬ ಎರಡು ಮಾತುಗಳು ಬೇರೆ ಬೇರೆಯಾಗಿಯೇ ಉಳಿದುಬಂದಿವೆ. ಗರಡಿಯಲ್ಲಿ ಮೈ ಪಳಗುತ್ತದೆ, ಮನಸ್ಸು ಹದಗೊಳ್ಳುತ್ತದೆ. ದಂಡಿನಲ್ಲಿ ಜೀವವೇ ಪಣಕ್ಕೆ ಬೀಳುತ್ತದೆ. ಗರಡಿಗೆ ಹೋದವರೆಲ್ಲರೂ ದಂಡಿಗೆ ಸೇರಬೇಕೆಂಬ ಕಟ್ಟಳೆಯಿಲ್ಲ. ದಂಡಿಗೆ ಸೇರುವವನಿಗೆ ಗರಡಿಯೊಂದೇ ಸಾಕು ಎನ್ನುವಂತೆಯೂ ಇಲ್ಲ. ತುಳುನಾಡಿನಲ್ಲಿ ಕೋಟಿ-ಚೆನ್ನಯರ ಹೆಸರಿನ ಗರಡಿಗಳು ಇಂದು ಆರಾಧನೆಯ ತಾಣಗಳಾಗಿದ್ದರೂ, ಆ ಹೆಸರಿನೊಳಗೆ ಅಂಗಸಾಧನೆಯ ನೆನಪು ಅಳಿದಿಲ್ಲ. ಕರಾವಳಿಯಿಂದ ಮುಂಬಯಿಗೆ ಬಂದು, ಕ್ರಮೇಣ ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ನೆಲೆನಿಂತ ಕನ್ನಡ ಕುಟುಂಬಗಳಿಗೆ ಈ ಮಾತು ಅಪರಿಚಿತವಲ್ಲ. ಆ ಕುಟುಂಬಗಳ ಹದಿಹರೆಯದ ಮಕ್ಕಳಲ್ಲಿ ಸೈನ್ಯಕ್ಕೆ ಸೇರುವ ಆಸೆಯುಳ್ಳವರ ಮುಂದೆ ಇಂದು ಒಂದು ಪ್ರಶ್ನೆ ಇದೆ. ಶಾಲಾ ಕಾಲೇಜುಗಳಲ್ಲಿ ದೊರೆಯುವ ಎನ್.ಸಿ.ಸಿ. ಶಿಕ್ಷಣವು ಸೈನಿಕ ಜೀವನಕ್ಕೆ ನಿಜವಾದ ಸಿದ್ಧತೆಯೇ, ಅಥವಾ ಸಮವಸ್ತ್ರದ ಸಂಭ್ರಮ ಮಾತ್ರವೇ?

ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಬಗೆಯ ಉತ್ತರಗಳು ಬರುತ್ತವೆ. ಎನ್.ಸಿ.ಸಿ.ಯ ಪ್ರಮಾಣಪತ್ರವಿದ್ದರೆ ಸೈನ್ಯದ ಬಾಗಿಲು ತಾನಾಗಿ ತೆರೆಯುತ್ತದೆ ಎಂಬುದು ಒಂದು. ವಾರಕ್ಕೆರಡು ಬಾರಿ ಕವಾಯತು ಮಾಡಿ ಕೊನೆಗೆ ಉಪಾಹಾರದ ಪೊಟ್ಟಣ ಹಿಡಿದು ಬರುವುದರಿಂದ ಓದಿಗೆ ಹಾನಿಯೇ ಹೊರತು ಮತ್ತೇನೂ ಇಲ್ಲ ಎಂಬುದು ಇನ್ನೊಂದು. ಇವೆರಡೂ ಅರೆಸತ್ಯಗಳೇ. ಎರಡೂ ಗರಡಿಯನ್ನು ದಂಡಿನ ಅಳತೆಗೋಲಿನಿಂದ ಅಳೆಯುತ್ತವೆ.

ಸಂಸ್ಥೆಯ ಇತಿಹಾಸವನ್ನು ನೋಡಿದರೆ ಈ ಗೊಂದಲ ಹೇಗೆ ಹುಟ್ಟಿತೆಂಬುದು ತಿಳಿಯುತ್ತದೆ. ವಿದ್ಯಾರ್ಥಿಗಳಿಗೆ ಸೈನಿಕ ಶಿಕ್ಷಣ ಕೊಡುವ ಪದ್ಧತಿಯು ಭಾರತದ ವಿಶ್ವವಿದ್ಯಾಲಯಗಳಲ್ಲಿ 1917ರಲ್ಲಿ, ಮೊದಲ ಮಹಾಯುದ್ಧದ ಒತ್ತಡದಲ್ಲಿ ಆರಂಭವಾಯಿತು. ಸೈನ್ಯದಲ್ಲಿ ಜನಬಲ ಸಾಲದಾದಾಗ ಅದನ್ನು ತುಂಬುವುದೇ ಅಂದಿನ ಉದ್ದೇಶವಾಗಿತ್ತು. ಎರಡನೆಯ ಮಹಾಯುದ್ಧದ ತರುವಾಯ, 1946ರಲ್ಲಿ, ಹೃದಯನಾಥ ಕುಂಜ್ರು ಅವರ ಅಧ್ಯಕ್ಷತೆಯ ಸಮಿತಿಯು ಇಡೀ ದೇಶಕ್ಕೆ ಅನ್ವಯಿಸುವ ವಿದ್ಯಾರ್ಥಿ ದಳವೊಂದರ ವಿಚಾರವನ್ನು ಕೈಗೆತ್ತಿಕೊಂಡಿತು. ಅದರ ಫಲವಾಗಿ 1948ರ ಶಾಸನದ ಮೂಲಕ ಎನ್.ಸಿ.ಸಿ. ಅಸ್ತಿತ್ವಕ್ಕೆ ಬಂದಿತು, ಮರುವರ್ಷವೇ ಬಾಲಿಕೆಯರ ವಿಭಾಗವೂ ಸೇರಿತು. ಈ ಸಂಸ್ಥೆಯ ಸದಸ್ಯನಾದ ಮಾತ್ರಕ್ಕೆ ಯಾರೂ ಸಕ್ರಿಯ ಸೈನಿಕ ಸೇವೆಗೆ ಬದ್ಧರಾಗುವುದಿಲ್ಲವೆಂದು ಶಾಸನವೇ ಸ್ಪಷ್ಟಪಡಿಸಿದೆ. ಗರಡಿಗೂ ದಂಡಿಗೂ ನಡುವಿನ ಗೆರೆಯನ್ನು ಹೀಗೆ ಕಾನೂನೇ ಎಳೆದಿದೆ.

ಆದರೆ ಇತಿಹಾಸದ ಒತ್ತಡದಲ್ಲಿ ಆ ಗೆರೆ ಕೆಲಕಾಲ ಮಸುಕಾಯಿತು. 1962ರ ಚೀನಾ ಯುದ್ಧದ ಆಘಾತದ ನಂತರ, 1963ರಲ್ಲಿ, ಕಾಲೇಜು ವಿದ್ಯಾರ್ಥಿಗಳಿಗೆ ಎನ್.ಸಿ.ಸಿ. ಕಡ್ಡಾಯವಾಯಿತು. 1965 ಮತ್ತು 1971ರ ಯುದ್ಧಗಳಲ್ಲಿ ಕೆಡೆಟ್‌ಗಳನ್ನು ದೇಶರಕ್ಷಣೆಯ ಎರಡನೆಯ ಸಾಲೆಂದು ಭಾವಿಸಲಾಗಿತ್ತು. ಆಯುಧ ಕಾರ್ಖಾನೆಗಳಲ್ಲಿ ನೆರವಾಗುವುದು, ಮದ್ದುಗುಂಡುಗಳ ಸಾಗಣೆಗೆ ಕೈಜೋಡಿಸುವುದು ಮೊದಲಾದ ಕೆಲಸಗಳು ಅವರ ಪಾಲಿಗೆ ಬಂದವು. ಆದರೂ ಕಡ್ಡಾಯದ ಪ್ರಯೋಗ ಬಹುಕಾಲ ಬಾಳಲಿಲ್ಲ. 1968ರಲ್ಲಿ ಅದನ್ನು ಮತ್ತೆ ಐಚ್ಛಿಕಗೊಳಿಸಬೇಕಾಯಿತು. 1971ರ ಯುದ್ಧದ ತರುವಾಯ ಪಠ್ಯಕ್ರಮವೇ ಪರಿಷ್ಕೃತವಾಗಿ, ಎರಡನೆಯ ರಕ್ಷಣಾ ಸಾಲೆಂಬ ಕಲ್ಪನೆಗಿಂತ ನಾಯಕತ್ವ ಮತ್ತು ಚಾರಿತ್ರ್ಯ ನಿರ್ಮಾಣಕ್ಕೆ ಪ್ರಾಶಸ್ತ್ಯ ದೊರೆಯಿತು. ಸಶಸ್ತ್ರ ಪಡೆಗಳನ್ನು ವೃತ್ತಿಯಾಗಿ ಆಯ್ದುಕೊಳ್ಳಲು ಪ್ರೇರಕವಾದ ವಾತಾವರಣ ಒದಗಿಸುವುದು ಇಂದು ಸಂಸ್ಥೆಯ ಉದ್ದೇಶಗಳಲ್ಲಿ ಒಂದು. 'ಪ್ರೇರಕ ವಾತಾವರಣ' ಎಂಬ ಈ ಮಾತನ್ನು ತೂಗಿ ನೋಡಬೇಕು. ಸೈನಿಕನನ್ನು ತಯಾರಿಸಿಕೊಡುತ್ತೇವೆಂದು ಸಂಸ್ಥೆ ಎಲ್ಲಿಯೂ ಹೇಳಿಕೊಂಡಿಲ್ಲ. ಹೇಳದ ಮಾತನ್ನು ಅದರ ಬಾಯಿಗೆ ತುರುಕಿದವರು ಪೋಷಕರು, ಕೆಲವೊಮ್ಮೆ ಶಾಲೆಗಳು.

ಪ್ರಮಾಣಪತ್ರದ ವಿಚಾರವನ್ನು ಕಾಲಗಣನೆಯಿಟ್ಟು ಪರಿಶೀಲಿಸಿದರೆ ಮೊದಲ ಭ್ರಮೆ ಹರಿಯುತ್ತದೆ. ಶಾಲೆಯ ಕಿರಿಯ ವಿಭಾಗದಲ್ಲಿ ಎರಡು ವರ್ಷ ಕಳೆದವರು 'ಎ' ಪರೀಕ್ಷೆಗೆ, ಕಾಲೇಜಿನ ಹಿರಿಯ ವಿಭಾಗದಲ್ಲಿ ಎರಡು ವರ್ಷ ಕಳೆದವರು 'ಬಿ' ಪರೀಕ್ಷೆಗೆ, ಮೂರು ವರ್ಷ ಪೂರೈಸಿದವರು 'ಸಿ' ಪರೀಕ್ಷೆಗೆ ಅರ್ಹರಾಗುತ್ತಾರೆ. ಇವುಗಳಲ್ಲಿ ಹೆಚ್ಚು ಬೆಲೆಯುಳ್ಳದ್ದು 'ಸಿ'. ಅದನ್ನು ನಿಗದಿತ ದರ್ಜೆಯಲ್ಲಿ ಪಡೆದ ಪದವೀಧರರು ಲಿಖಿತ ಪರೀಕ್ಷೆಯಿಲ್ಲದೆಯೇ ಸೇವಾ ಆಯ್ಕೆ ಮಂಡಳಿಯ ಸಂದರ್ಶನಕ್ಕೆ ಕರೆಸಿಕೊಳ್ಳಬಹುದು. ಆಯ್ಕೆಯಾದವರು ಚೆನ್ನೈಯ ಅಧಿಕಾರಿಗಳ ತರಬೇತಿ ಅಕಾಡೆಮಿಗೆ ಹೋಗುತ್ತಾರೆ. ಇದು ನಿಜವಾದ, ದೊಡ್ಡ ಅನುಕೂಲ. ಆದರೆ ಇದು ದೊರೆಯುವುದು ಪದವಿಯ ಅಂಚಿನಲ್ಲಿ, ಹದಿಹರೆಯ ಮುಗಿದ ಮೇಲೆ.

ಹದಿಹರೆಯದಲ್ಲಿಯೇ ಅಧಿಕಾರಿಯಾಗುವ ದಾರಿಯೆಂದರೆ ಪುಣೆಯ ಸಮೀಪ ಖಡಕ್‌ವಾಸ್ಲಾದಲ್ಲಿರುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ. ಅದರ ಪ್ರವೇಶದ ವಯಸ್ಸು ಹದಿನಾರೂವರೆಯಿಂದ ಹತ್ತೊಂಬತ್ತೂವರೆ. ಹನ್ನೊಂದನೆಯ ತರಗತಿಯಲ್ಲಿ ಹಿರಿಯ ವಿಭಾಗ ಸೇರಿದ ಡೊಂಬಿವಲಿಯ ವಿದ್ಯಾರ್ಥಿಗೂ 'ಸಿ' ಪ್ರಮಾಣಪತ್ರ ಕೈಗೆ ಬರುವ ವೇಳೆಗೆ ಆ ಬಾಗಿಲು ಮುಚ್ಚುವ ಹಂತದಲ್ಲಿರುತ್ತದೆ; ಪದವಿಯ ಮೊದಲ ವರ್ಷದಲ್ಲಿ ಸೇರಿದವನ ಪಾಲಿಗೆ ಅದು ಮುಚ್ಚಿಯೇ ಹೋಗಿರುತ್ತದೆ. ಅಲ್ಲದೆ ಆ ಅಕಾಡೆಮಿಯ ಪ್ರವೇಶಕ್ಕೆ ಎನ್.ಸಿ.ಸಿ.ಯವರಿಗೆಂದು ಪ್ರತ್ಯೇಕ ಸ್ಥಾನಗಳಿಲ್ಲ. ಲಿಖಿತ ಪರೀಕ್ಷೆಯ 900 ಅಂಕಗಳಲ್ಲಿ ಗಣಿತಕ್ಕೆ 300, ಸಾಮಾನ್ಯ ಸಾಮರ್ಥ್ಯಕ್ಕೆ 600. ಭೂಸೇನೆಯ ವಿಭಾಗಕ್ಕೆ ಕಲಾ ವಿಭಾಗದ ವಿದ್ಯಾರ್ಥಿಯೂ ಅರ್ಹನೇ. ಆದರೆ ಹತ್ತನೆಯ ತರಗತಿಗೆ ಗಣಿತವನ್ನು ಬಿಟ್ಟವನು ಆ 300 ಅಂಕಗಳ ಮುಂದೆ ನಿಲ್ಲಬೇಕಾಗುತ್ತದೆ. ಎಷ್ಟೇ ಚೆನ್ನಾಗಿ ಕವಾಯತು ಮಾಡಿದರೂ ಈ ಕೊರತೆ ತುಂಬುವುದಿಲ್ಲ. ಮಹಾರಾಷ್ಟ್ರ ಸರ್ಕಾರವು 1977ರಲ್ಲಿ ಔರಂಗಾಬಾದಿನಲ್ಲಿ, ಅಂದರೆ ಇಂದಿನ ಛತ್ರಪತಿ ಸಂಭಾಜಿನಗರದಲ್ಲಿ, ಈ ಪ್ರವೇಶಕ್ಕೆಂದೇ ಪೂರ್ವಸಿದ್ಧತಾ ಸಂಸ್ಥೆಯೊಂದನ್ನು ತೆರೆದುದು ಈ ಕಾರಣಕ್ಕಾಗಿಯೇ. ರಾಜ್ಯದಲ್ಲಿ ಎನ್.ಸಿ.ಸಿ. ಬೇರೂರಿದ್ದರೂ ಹೀಗೊಂದು ಪ್ರತ್ಯೇಕ ವ್ಯವಸ್ಥೆ ಬೇಕಾಯಿತೆಂಬುದು ಅರ್ಥಪೂರ್ಣವಾಗಿದೆ.

ಸಿಪಾಯಿಯಾಗಿ ಸೇರುವವರ ದಾರಿ ಬೇರೆ. 2022ರಲ್ಲಿ ಆರಂಭವಾದ ಅಗ್ನಿಪಥ ಯೋಜನೆಯಡಿ ಹದಿನೇಳೂವರೆ ವರ್ಷ ತುಂಬಿದವರು ಅಗ್ನಿವೀರರಾಗಲು ಅರ್ಜಿ ಹಾಕಬಹುದು. ಇಲ್ಲಿ ಎನ್.ಸಿ.ಸಿ. ಪ್ರಮಾಣಪತ್ರಕ್ಕೆ ಅದರ ದರ್ಜೆಗನುಸಾರವಾಗಿ ಹೆಚ್ಚುವರಿ ಅಂಕಗಳುಂಟು. ಆದರೆ ಮೊದಲು ಗಣಕಯಂತ್ರದ ಮುಂದೆ ಕುಳಿತು ಬರೆಯುವ ಸಾಮಾನ್ಯ ಪ್ರವೇಶ ಪರೀಕ್ಷೆ ಇದೆ, ಬಳಿಕ 1.6 ಕಿಲೋಮೀಟರ್ ಓಟ, ಅಡ್ಡಕಂಬಿ ಹಿಡಿದು ಮೈಯನ್ನು ಮೇಲೆತ್ತುವುದು, ಒಂಬತ್ತು ಅಡಿ ಹಳ್ಳ ಜಿಗಿಯುವುದು, ಕಿರಿದಾದ ಹಲಗೆಯ ಮೇಲೆ ಸಮತೋಲ ಕಾಯ್ದುಕೊಂಡು ನಡೆಯುವುದು ಇವೆ. ಆಮೇಲೆ ವೈದ್ಯಕೀಯ ತಪಾಸಣೆ. ವಾರಕ್ಕೆರಡು ದಿನದ ಕವಾಯತಿನಿಂದ ಓಟದ ವೇಗ ಬರುವುದಿಲ್ಲ. ಅದಕ್ಕೆ ತಿಂಗಳುಗಟ್ಟಲೆ, ನಿತ್ಯವೂ, ಬೆಳಗಿನ ಓಟವೇ ಬೇಕು. ಕಟ್ಟಡಗಳ ನಡುವೆ ಬಯಲೇ ಉಳಿಯದ ಡೊಂಬಿವಲಿಯಂಥ ಊರಿನಲ್ಲಿ ಓಡುವ ಜಾಗವನ್ನು ಹುಡುಕುವುದೇ ಸಿದ್ಧತೆಯ ಮೊದಲ ಪಾಠವಾದೀತು.

ಹಾಗಾದರೆ ಎನ್.ಸಿ.ಸಿ. ಕೊಡುವುದೇನು? ಅದು ಕೊಡುವುದನ್ನು ಅಂಕಗಳ ಲೆಕ್ಕದಲ್ಲಿ ಹುಡುಕಿದರೆ ಸಿಗದು. ತನಗೆ ಈ ಬಾಳು ಒಗ್ಗುವುದೋ ಇಲ್ಲವೋ ಎಂಬುದನ್ನು, ಸಹಿ ಹಾಕುವುದಕ್ಕೆ ಮೊದಲೇ, ಅಪಾಯವಿಲ್ಲದ ನೆಲದ ಮೇಲೆ ನಿಂತು ಅರಿತುಕೊಳ್ಳುವ ಅವಕಾಶವನ್ನು ಅದು ಕೊಡುತ್ತದೆ. ಹದಿನಾರು ವರ್ಷದವನಿಗೆ ಸೈನ್ಯದ ಕಲ್ಪನೆ ಬರುವುದು ಚಲನಚಿತ್ರದಿಂದ, ಗಣರಾಜ್ಯೋತ್ಸವದ ಮೆರವಣಿಗೆಯಿಂದ. ಹತ್ತು ದಿನಗಳ ವಾರ್ಷಿಕ ಶಿಬಿರವು ಆ ಕಲ್ಪನೆಯನ್ನು ಒರೆಗೆ ಹಚ್ಚುತ್ತದೆ. ನಸುಕಿನಲ್ಲಿ ಏಳುವುದು, ಸಾಲಿನಲ್ಲಿ ನಿಂತು ಊಟ ಪಡೆಯುವುದು, ತನ್ನ ತಟ್ಟೆ ತಾನೇ ತೊಳೆಯುವುದು, ತನ್ನ ಇಷ್ಟವನ್ನು ಬದಿಗಿಟ್ಟು ತಂಡದ ಹೆಜ್ಜೆಗೆ ಹೆಜ್ಜೆ ಸೇರಿಸುವುದು ಅಲ್ಲಿಯ ನಿತ್ಯಕ್ರಮ. ನಕ್ಷೆ ಓದಿ ದಿಕ್ಕು ಹಿಡಿಯುವುದು, ಪಾಯಿಂಟ್ ಟೂ-ಟೂ ರೈಫಲ್ ಬಿಚ್ಚಿ ಜೋಡಿಸಿ ಗುರಿಯಿಡುವುದು, ಪ್ರಥಮೋಪಚಾರ ಮೊದಲಾದವು ಪಠ್ಯದ ಭಾಗ. ಈ ಕೌಶಲಗಳನ್ನು ಸೈನ್ಯವು ತನ್ನ ತರಬೇತಿಯಲ್ಲಿ ಮೊದಲಿನಿಂದ ಮತ್ತೆ ಕಲಿಸಿಯೇ ಕಲಿಸುತ್ತದೆ. ಆದ್ದರಿಂದ ಕೌಶಲಕ್ಕಿಂತಲೂ ಆ ಹತ್ತು ದಿನಗಳ ಕೊನೆಯಲ್ಲಿ ಹುಡುಗನ ಮನಸ್ಸು ಏನು ಹೇಳುತ್ತದೆ ಎಂಬುದು ಮುಖ್ಯ. 'ಇದು ನನ್ನದು' ಎಂದರೆ ಒಳ್ಳೆಯದು. 'ಇದು ನನ್ನದಲ್ಲ' ಎಂದರೆ ಅದೂ ಅಷ್ಟೇ ಒಳ್ಳೆಯದು. ಒಂದು ಬಾಳು ತಪ್ಪು ದಾರಿ ಹಿಡಿಯುವುದು ತಪ್ಪಿತು.

ಉಪನಗರದ ಕನ್ನಡ ಮನೆಯ ಮಕ್ಕಳಿಗೆ ಈ ಅನುಭವ ಇನ್ನೊಂದು ದೃಷ್ಟಿಯಿಂದಲೂ ಬೆಲೆಯುಳ್ಳದ್ದು. ಮನೆಯಲ್ಲಿ ತುಳು ಅಥವಾ ಕನ್ನಡ, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್ ಎಂದು ಭಾಷೆಗಳನ್ನು ಹಂಚಿಕೊಂಡು ಬೆಳೆದ ಮಗುವಿಗೆ 'ಸಾವಧಾನ್', 'ವಿಶ್ರಾಮ್' ಎಂಬ ಹಿಂದಿ ಆಜ್ಞೆಗಳು ಕಷ್ಟವಾಗುವುದಿಲ್ಲ. ಕಲ್ಯಾಣದ ರೈಲಿನ ಇಕ್ಕಟ್ಟಿನಲ್ಲಿ ನಿತ್ಯ ನಿಂತು ಸಾಗುವ ಯುವಕನಿಗೆ ಕಾಲಪಾಲನೆಯನ್ನೂ ಸಹನೆಯನ್ನೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಆತನಿಗೆ ಕೊರತೆಯಾಗುವುದು ಬಯಲು, ಒಂಟಿತನವನ್ನು ಎದುರಿಸುವ ಅಭ್ಯಾಸ, ಮತ್ತು ತನ್ನವರಲ್ಲದವರ ಹೊಣೆ ಹೊರುವ ಸಂದರ್ಭ. ಶಿಬಿರವು ಇವನ್ನು ಸ್ವಲ್ಪಮಟ್ಟಿಗಾದರೂ ಒದಗಿಸುತ್ತದೆ.

ಆಯ್ಕೆ ಮಂಡಳಿಯ ಐದು ದಿನಗಳ ಪರೀಕ್ಷೆಯಲ್ಲಿ ಉಪಯೋಗಕ್ಕೆ ಬರುವುದು ಇದೇ ಸಂಪತ್ತು. ಚಿತ್ರವೊಂದನ್ನು ತೋರಿಸಿ ಕಥೆ ಬರೆಯಿಸುವುದು, ಒಂದು ಶಬ್ದವನ್ನು ಕಂಡೊಡನೆ ಹೊಳೆದ ವಾಕ್ಯವನ್ನು ದಾಖಲಿಸುವುದು, ಇಕ್ಕಟ್ಟಿನ ಸನ್ನಿವೇಶವೊಂದರಲ್ಲಿ ಏನು ಮಾಡುವೆಯೆಂದು ಕೇಳುವುದು, ಹಗ್ಗ ಹಲಗೆಗಳನ್ನು ಕೊಟ್ಟು ತಂಡವನ್ನು ಅಡೆತಡೆ ದಾಟಿಸುವುದು ಇವೆಲ್ಲ ಅಲ್ಲಿ ನಡೆಯುತ್ತವೆ. ಅಭ್ಯರ್ಥಿ ಕಲಿತು ಬಂದದ್ದಕ್ಕಿಂತ ಅವನು ಎಂಥವನು ಎಂಬುದನ್ನು ಈ ಪರೀಕ್ಷೆಗಳು ಹುಡುಕುತ್ತವೆ. ಶಿಬಿರದಲ್ಲಿ ನಿಜವಾಗಿ ತಂಡವನ್ನು ನಡೆಸಿದವನಿಗೆ, ಸೋತು ಪಾಠ ಕಲಿತವನಿಗೆ, ಹೇಳಲು ತನ್ನದೇ ಆದ ಅನುಭವವಿರುತ್ತದೆ. ಕೇವಲ ಘೋಷಣೆಗಳನ್ನು ಬಾಯಿಪಾಠ ಮಾಡಿದ ಕೆಡೆಟ್‌ಗೆ ಅಲ್ಲಿ ಸಮವಸ್ತ್ರದ ನೆನಪು ನೆರವಾಗದು. ಈ ಪರೀಕ್ಷೆಯ ಮುಕ್ಕಾಲು ಪಾಲು ಭಾಷೆಯ ಮೂಲಕ, ಕಲ್ಪನೆಯ ಮೂಲಕ, ಮನುಷ್ಯಸ್ವಭಾವದ ಅರಿವಿನ ಮೂಲಕ ನಡೆಯುತ್ತದೆಂಬುದನ್ನು ಸಾಹಿತ್ಯದ ವಿದ್ಯಾರ್ಥಿಗಳು ಗಮನಿಸಬೇಕು. ಗಂಗರ ಸೇನಾಪತಿಯಾಗಿದ್ದ ಚಾವುಂಡರಾಯನು 978ರಲ್ಲಿ ಕನ್ನಡ ಗದ್ಯದಲ್ಲಿ ಪುರಾಣ ಬರೆದ ನಾಡಿನಲ್ಲಿ, ಓದಿಗೂ ಕತ್ತಿಗೂ ವೈರವೆಂದು ಭಾವಿಸುವುದಕ್ಕೆ ಆಧಾರವಿಲ್ಲ.

ಕನ್ನಡ ನಾಡಿನ ಇಬ್ಬರು ಮಹಾದಂಡನಾಯಕರ ಬಾಳೂ ಈ ವಿಚಾರಕ್ಕೆ ಪೂರಕವಾಗಿದೆ. ಕೊಡಗಿನ ಕೆ.ಎಂ. ಕಾರ್ಯಪ್ಪನವರು ಮಡಿಕೇರಿಯ ಶಾಲೆಯಲ್ಲಿಯೂ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಓದಿದವರು. ಸೈನಿಕ ಶಾಲೆಯೊಂದರ ಮೆಟ್ಟಿಲು ಹತ್ತದೆ 1919ರಲ್ಲಿ ಇಂದೋರಿನ ತರಬೇತಿಗೆ ಆಯ್ಕೆಯಾದರು. ಅದೇ ಕೊಡಗಿನ ಕೆ.ಎಸ್. ತಿಮ್ಮಯ್ಯನವರು ಹದಿಹರೆಯದಲ್ಲಿಯೇ ಡೆಹ್ರಾಡೂನಿನ ಸೈನಿಕ ವಿದ್ಯಾಲಯವನ್ನು ಸೇರಿ, ಅಲ್ಲಿಂದ ಸ್ಯಾಂಡ್‌ಹರ್ಸ್ಟ್‌ಗೆ ಹೋಗಿ 1926ರಲ್ಲಿ ಅಧಿಕಾರಿಯಾದರು. ಒಬ್ಬರು 1949ರಲ್ಲಿ ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದರು, ಇನ್ನೊಬ್ಬರು 1957ರಲ್ಲಿ ಭೂಸೇನೆಯ ಮುಖ್ಯಸ್ಥರಾದರು. ಎಳವೆಯ ಸೈನಿಕ ಶಿಕ್ಷಣವು ಅನಿವಾರ್ಯವಲ್ಲ, ನಿರುಪಯುಕ್ತವೂ ಅಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಡ.

ಗರಡಿಯ ಗುಣವು ಅದರ ಗುರುವನ್ನು ಅವಲಂಬಿಸಿದೆ. ಈ ಮಾತಿನ ಕಹಿ ಮುಖವನ್ನು ಥಾಣೆ ಕಂಡಿದೆ. 2023ರ ಆಗಸ್ಟ್ ತಿಂಗಳಲ್ಲಿ ಆ ನಗರದ ಕಾಲೇಜೊಂದರ ಆವರಣದಲ್ಲಿ, ಮಳೆಯ ನೀರು ನಿಂತ ನೆಲದ ಮೇಲೆ ತಲೆಯೂರಿ ಬಾಗಿದ್ದ ಕಿರಿಯ ಕೆಡೆಟ್‌ಗಳನ್ನು ಹಿರಿಯ ವಿದ್ಯಾರ್ಥಿಯೊಬ್ಬನು ಕೋಲಿನಿಂದ ಹೊಡೆಯುತ್ತಿದ್ದ ದೃಶ್ಯವು ದೇಶದಾದ್ಯಂತ ಪ್ರಸಾರವಾಯಿತು. ಅದನ್ನು ಎಲ್ಲರೂ ಖಂಡಿಸಿದರು. ಆದರೆ ಖಂಡನೆಯ ಜೊತೆಗೆ, 'ಸೈನ್ಯಕ್ಕೆ ಹೋಗುವವರು ಇಷ್ಟನ್ನೂ ತಾಳಬಾರದೇ?' ಎಂಬ ಮಾತೂ ಇಂಥ ಸಂದರ್ಭಗಳಲ್ಲಿ ಕೇಳಿಬರುವುದುಂಟು. ಇದು ಅಪಾಯಕರವಾದ ಮಾತು. ಸೈನ್ಯದ ಶಿಸ್ತಿಗೆ ನಿಯಮವಿದೆ, ಮೇಲಧಿಕಾರಿಯಿದ್ದಾನೆ, ಆಜ್ಞೆ ಕೊಟ್ಟವನಿಗೂ ಉತ್ತರದಾಯಿತ್ವವಿದೆ. ಹತ್ತೊಂಬತ್ತರವನು ಹದಿನೇಳರವನ ಬೆನ್ನಿನ ಮೇಲೆ ಬಾರಿಸುವ ಕೋಲಿಗೆ ಇವಾವುವೂ ಇಲ್ಲ. ಅದರಿಂದ ಕಿರಿಯನು ಕಲಿಯುವುದು ಸಹನೆಯಲ್ಲ, ಮೌನ. ಹಿರಿಯನು ಕಲಿಯುವುದು ನಾಯಕತ್ವವಲ್ಲ, ದರ್ಪ. ಮುಂದೆ ಸೈನ್ಯದಲ್ಲಿ ಸಹಯೋಧನ ಜೀವವನ್ನು ತನ್ನ ಜೀವದಂತೆ ಕಾಯಬೇಕಾದವರಿಗೆ ಈ ಎರಡು ಪಾಠಗಳೂ ವಿಷಪ್ರಾಯವಾದವು. ಎನ್.ಸಿ.ಸಿ.ಯ ಧ್ಯೇಯವಾಕ್ಯವು ಏಕತೆಯನ್ನೂ ಶಿಸ್ತನ್ನೂ ಜೊತೆಯಾಗಿ ಹೇಳುತ್ತದೆ. ಏಕತೆಯನ್ನು ಮುರಿಯುವ ಶಿಸ್ತು ಶಿಸ್ತಲ್ಲ.

ಇನ್ನೊಂದು ಪ್ರಶ್ನೆ ನ್ಯಾಯಕ್ಕೆ ಸಂಬಂಧಿಸಿದ್ದು. ಈ ಗರಡಿಯ ಬಾಗಿಲು ಯಾರಿಗೆ ತೆರೆದಿದೆ? ಮುಂಬಯಿಯ ಕನ್ನಡಿಗರ ಚರಿತ್ರೆಯಲ್ಲಿ ರಾತ್ರಿಶಾಲೆಗಳಿಗೆ ಹಿರಿದಾದ ಸ್ಥಾನವಿದೆ. ಹಗಲು ಹೋಟೆಲುಗಳಲ್ಲಿ, ಕ್ಯಾಂಟೀನುಗಳಲ್ಲಿ ದುಡಿದು ರಾತ್ರಿ ಓದಿದ ಹುಡುಗರು ಮುಂದೆ ಉದ್ಯಮಿಗಳೂ ವಕೀಲರೂ ಲೇಖಕರೂ ಆದರು. ಶ್ರಮ, ಸಹನೆ, ಒಂಟಿಯಾಗಿ ಬದುಕುವ ಧೈರ್ಯ ಎಲ್ಲವೂ ಅವರಲ್ಲಿ ತುಂಬಿತ್ತು. ಆದರೆ ಹಗಲಿನ ಕವಾಯತಿಗೆ ಅವರ ದಿನಚರಿಯಲ್ಲಿ ಎಡೆಯಿರಲಿಲ್ಲ. ಇಂದಿಗೂ ಎನ್.ಸಿ.ಸಿ. ಘಟಕವು ಎಲ್ಲ ಶಾಲೆಗಳಲ್ಲಿಲ್ಲ. ಇದ್ದಲ್ಲಿಯೂ ಸ್ಥಾನಗಳು ಪರಿಮಿತ. ಕೆಡೆಟ್‌ಗಳ ಸಂಖ್ಯೆಯನ್ನು 17 ಲಕ್ಷದಿಂದ 20 ಲಕ್ಷಕ್ಕೆ ಏರಿಸುವ ನಿರ್ಧಾರ 2024ರಲ್ಲಿ ಆಗಿರುವುದು ಸ್ವಾಗತಾರ್ಹ. ಆದರೆ ದುಡಿದು ಓದುವ ಮಕ್ಕಳನ್ನು ಒಳಗೊಳ್ಳದ ವಿಸ್ತರಣೆಯು, ಸೈನಿಕ ಸೇವೆಯನ್ನು ಹೆಚ್ಚು ಆಶ್ರಯಿಸುವ ಮನೆಗಳನ್ನೇ ಹೊರಗಿಟ್ಟಂತಾದೀತು. ಬಾಲಿಕೆಯರ ಮಟ್ಟಿಗೆ ಚಿತ್ರ ಬದಲಾಗಿದೆ. ಸರ್ವೋಚ್ಚ ನ್ಯಾಯಾಲಯದ 2021ರ ಆದೇಶದ ಫಲವಾಗಿ ಖಡಕ್‌ವಾಸ್ಲಾದ ಬಾಗಿಲು ಅವರಿಗೂ ತೆರೆಯಿತು. 2022ರಲ್ಲಿ ಸೇರಿದ ಮೊದಲ ತಂಡದ 17 ಮಂದಿ 2025ರ ಮೇ ತಿಂಗಳಲ್ಲಿ ಅಲ್ಲಿಂದ ಹೊರಬಂದರು. 1949ರಿಂದ ಗರಡಿಯಲ್ಲಿದ್ದವರಿಗೆ ಈ ದಂಡಿನ ದಾರಿ ಕಾಣಲು ಏಳು ದಶಕಗಳೇ ಬೇಕಾದವು.

ಅಗ್ನಿಪಥ ಯೋಜನೆಯು ಈ ಚರ್ಚೆಗೆ ಹೊಸ ಗಾಂಭೀರ್ಯ ತಂದಿದೆ. ಸೇವೆಯ ಅವಧಿ ತರಬೇತಿಯೂ ಸೇರಿ ನಾಲ್ಕು ವರ್ಷ. ಆ ಬಳಿಕ ಕಾಯಂ ಸೇವೆಗೆ ಉಳಿಸಿಕೊಳ್ಳುವುದು ಶೇಕಡ 25ರವರೆಗೆ ಮಾತ್ರ. ಹದಿನೆಂಟರಲ್ಲಿ ಸೇರಿದವನು ಇಪ್ಪತ್ತೆರಡರಲ್ಲಿ ಮತ್ತೆ ಕಲ್ಯಾಣದ ನಿಲ್ದಾಣದಲ್ಲಿ ಇಳಿಯಬೇಕಾಗಬಹುದು. ಅಷ್ಟರಲ್ಲಿ ಅವನ ಸಹಪಾಠಿಗಳು ಪದವಿ ಮುಗಿಸಿ ಉದ್ಯೋಗ ಹಿಡಿದಿರುತ್ತಾರೆ. ಆ ಯೋಜನೆಯ ಗುಣದೋಷಗಳು ಬೇರೆಯೇ ಚರ್ಚೆಗೆ ಸೇರಿದವು. ಇಲ್ಲಿ ಪ್ರಸ್ತುತವಾದುದು ಇಷ್ಟೇ: ಹಿಂದೆ ದೀರ್ಘ ಸೇವೆಯ ಭದ್ರತೆಯು ತಪ್ಪು ಆಯ್ಕೆಯನ್ನೂ ಒಂದಿಷ್ಟು ಮರೆಸುತ್ತಿತ್ತು, ಈಗ ಆಯ್ಕೆಯ ಭಾರವೆಲ್ಲ ಹದಿನೇಳೂವರೆಯ ಹೆಗಲ ಮೇಲೆ ಬಿದ್ದಿದೆ. ಅಂಥ ಹೆಗಲಿಗೆ ಮುಂಚಿತವಾಗಿ ತನ್ನನ್ನು ತೂಗಿನೋಡಿಕೊಳ್ಳುವ ಅವಕಾಶ ಎಂದಿಗಿಂತ ಇಂದು ಅಗತ್ಯ.

ಈ ದೃಷ್ಟಿಯಿಂದ ನೋಡಿದಾಗ ಎನ್.ಸಿ.ಸಿ. ಐಚ್ಛಿಕವಾಗಿರುವುದೇ ಅದರ ಜೀವಾಳ. 1963ರ ಕಡ್ಡಾಯ ಐದೇ ವರ್ಷಗಳಲ್ಲಿ ಕುಸಿದುದು ಆಕಸ್ಮಿಕವಲ್ಲ. ಬಲವಂತದಿಂದ ನಿಂತವನು ತನ್ನ ಒಲವನ್ನು ಅರಿಯಲಾರ. 2021ರ ತರುವಾಯ ವಿಶ್ವವಿದ್ಯಾಲಯಗಳಲ್ಲಿ ಎನ್.ಸಿ.ಸಿ.ಯನ್ನು ಅಂಕಗಳುಳ್ಳ ಐಚ್ಛಿಕ ವಿಷಯವಾಗಿ ಸೇರಿಸುವ ಏರ್ಪಾಡಾಗಿದೆ. ಕವಾಯತಿಗೆ ಕಳೆದ ಹೊತ್ತು ಓದಿನ ಲೆಕ್ಕಕ್ಕೂ ಬರುವುದು ಒಳ್ಳೆಯದೇ. ಆದರೆ ಸುಲಭವಾದ ಅಂಕಗಳಿಗಾಗಿ ಬರುವವರಿಂದ ತುಂಬಿದ ಸಾಲಿನಲ್ಲಿ, ಒಲವಿನಿಂದ ಬಂದವನಿಗೆ ಸ್ಥಾನ ತಪ್ಪದಂತೆ ಎಚ್ಚರ ವಹಿಸಬೇಕು.

ಕಾರ್ಯರೂಪದ ಮಾತಿಗೆ ಬರುವುದಾದರೆ, ಸೈನ್ಯದ ಆಸೆಯುಳ್ಳ ಮಗುವಿದ್ದ ಮನೆಯವರು ಶಾಲೆಯಲ್ಲಿಯೇ ಎನ್.ಸಿ.ಸಿ.ಗೆ ಸೇರಿಸುವುದು ಯುಕ್ತ. ಆದರೆ ಅದೇ ವರ್ಷ ಕಣ್ಣು, ಕಿವಿ, ಮೊಣಕಾಲು, ಪಾದಗಳನ್ನು ವೈದ್ಯರಿಗೆ ತೋರಿಸಬೇಕು. ಚಪ್ಪಟೆ ಪಾದದಂಥ ಕಾರಣಕ್ಕೆ ಕೊನೆಯ ಹಂತದಲ್ಲಿ ಹಿಂದಿರುಗುವ ನೋವನ್ನು ಮೊದಲೇ ತಪ್ಪಿಸಬಹುದು. ಗಣಿತವನ್ನು ಬಿಡಿಸಬಾರದು. ಓಟವನ್ನು ಎನ್.ಸಿ.ಸಿ.ಯ ಪಾಲಿಗೆ ಬಿಟ್ಟು ಸುಮ್ಮನಿರಬಾರದು. ಶಿಬಿರದಿಂದ ಬಂದ ಮಗನನ್ನೋ ಮಗಳನ್ನೋ 'ಪದಕ ಬಂತೇ?' ಎಂದು ಕೇಳುವ ಬದಲು 'ಹೇಗನ್ನಿಸಿತು?' ಎಂದು ಕೇಳಬೇಕು. ಡೊಂಬಿವಲಿಯ ಕರ್ನಾಟಕ ಸಂಘ, ವಾಶಿಯ ನವಿಮುಂಬಯಿ ಕನ್ನಡ ಸಂಘಗಳಂಥ ಸಂಸ್ಥೆಗಳು ನಾಡಹಬ್ಬ, ಯಕ್ಷಗಾನಗಳಿಗೆ ವೇದಿಕೆ ಒದಗಿಸುವಂತೆಯೇ, ಸೇವೆಯಿಂದ ನಿವೃತ್ತರಾದ ಕನ್ನಡಿಗ ಸೈನಿಕರನ್ನು ವರ್ಷಕ್ಕೊಮ್ಮೆ ಈ ಮಕ್ಕಳ ಮುಂದೆ ಕೂಡಿಸಿದರೆ, ಯಾವ ಕೈಪಿಡಿಯೂ ಹೇಳದ ಸತ್ಯಗಳು ಅವರ ಕಿವಿಗೆ ಬಿದ್ದಾವು.

ಎನ್.ಸಿ.ಸಿ. ಸೈನಿಕನನ್ನು ಮಾಡಿಕೊಡುವುದಿಲ್ಲ, ಸೈನಿಕನಾಗಬಲ್ಲೆನೇ ಎಂಬ ಪ್ರಶ್ನೆಯನ್ನು ಪ್ರಾಮಾಣಿಕವಾಗಿ ಕೇಳಿಕೊಳ್ಳುವ ವಯಸ್ಸಿನಲ್ಲಿ ಕೇಳಿಸುತ್ತದೆ. ಉತ್ತರವನ್ನು ಕಂಡುಕೊಳ್ಳಬೇಕಾದವನು ಆ ಯುವಕ, ಆ ಯುವತಿ. ಉತ್ತರ ಯಾವುದೇ ಬಂದರೂ ಅದನ್ನು ಗೌರವದಿಂದ ಒಪ್ಪಿಕೊಳ್ಳುವುದು ಮನೆಯವರ, ಗುರುಗಳ, ಸಮಾಜದ ಹೊಣೆ.